ಅಜ್ಜಿಗೆ ಹಿಯರಿಂಗ್ ಏಡ್ ರೂಢಿ ಮಾಡಿಸುವುದು ಹೇಗೆ?

ತಂದ ದಿನವೇ ಅದನ್ನು ಹಾಕಿಸಿ ಮದುವೆ ಮನೆಗೆ ಕರೆದುಕೊಂಡು ಹೋಗಬೇಡಿ. ನಾವು ಹಾಗೇ ಮಾಡಿದೆವು. ಓಲಗದ ಸದ್ದಿಗೆ ಅಜ್ಜಿ ಅದನ್ನು ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿದವರು ತಿಂಗಳಾದರೂ ಮುಟ್ಟಲಿಲ್ಲ.

ಮೊದಲ ವಾರ ಮನೆಯಲ್ಲೇ, ಟಿವಿ ಆಫ್ ಮಾಡಿ, ದಿನಕ್ಕೆ ಒಂದೆರಡು ಗಂಟೆ ಸಾಕು. ಎದುರಿಗೆ ಕೂತು ಒಬ್ಬರೇ ಮಾತಾಡಿ, ಕಿರುಚಬೇಡಿ. ಕೆಂಪು ಗುರುತಿನದ್ದು ಬಲಗಿವಿಗೆ, ನೀಲಿಯದ್ದು ಎಡಗಿವಿಗೆ. ಕುಯ್ ಅಂತ ಶಿಳ್ಳೆ ಬಂದರೆ ಮಷೀನ್ ಕೆಟ್ಟಿತು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅದು ಕಿವಿಯಲ್ಲಿ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಗುಗ್ಗೆ ತುಂಬಿರುತ್ತದೆ.

ಜಾಸ್ತಿ ಗೊಂದಲ ಬ್ಯಾಟರಿಯದ್ದೇ. ಸ್ಟಿಕ್ಕರ್ ಬಣ್ಣ ನೋಡಿ ತನ್ನಿ: 13 ಸೈಜಿನದ್ದು ಕಿತ್ತಳೆ, 312 ಸೈಜಿನದ್ದು ಕಂದು. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ, ಗಾಳಿ ತಾಗಿದರೇ ಅದು ಕೆಲಸ ಶುರು ಮಾಡುವುದು. ರಾತ್ರಿ ಬ್ಯಾಟರಿ ಬಾಗಿಲು ತೆರೆದಿಡಿ. ಮೊಮ್ಮಕ್ಕಳ ಕೈಗೆ ಮಾತ್ರ ಸಿಗಬಾರದು, ನುಂಗಿದರೆ ಅಪಾಯ. ಸ್ನಾನಕ್ಕೆ ಮುಂಚೆ ತೆಗೆಯುವುದನ್ನು ಬೇರೆ ಹೇಳಬೇಕಿಲ್ಲ ಅಲ್ವಾ?

ಎರಡು ವಾರ ಕಳೆದರೂ ಪಾತ್ರೆ ಸದ್ದು ಚುಚ್ಚುತ್ತಿದೆ ಅಂದರೆ ಸುಮ್ನೆ ಗದರಬೇಡಿ, ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಸೆಟ್ಟಿಂಗ್ ಬದಲಿಸಿಕೊಂಡು ಬನ್ನಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ.