ಗಾರ್ಡ್ನರ್ 6ಎಲ್‌ಎಕ್ಸ್ ಲಾರಿ ಎಂಜಿನ್: ಏರ್ ತೆಗೆದು, ಟ್ಯಾಪೆಟ್ ಹೊಂದಿಸಿ, ಗೇರು ಹಾಕಿದ ಬಗೆ

ಹಳೆಯ ಬ್ರಿಟಿಷ್ ಲಾರಿಗೆ ಕೈ ಹಾಕುವ ಮೊದಲು ಒಂದು ಸೆಟ್ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಥ್ರೆಡ್ ಅಳತೆ) ಸ್ಪ್ಯಾನರ್ ತಗೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ. ಈ ಸ್ಪ್ಯಾನರಿನ ಮೇಲಿರುವ ಅಳತೆ ಬೋಲ್ಟಿನ ದಪ್ಪದ್ದು, ತಲೆಯ ಅಗಲದ್ದಲ್ಲ. 1/2 ವಿಟ್‌ವರ್ತ್‌ನ ಬಾಯಿ 0.920 ಇಂಚು, ಅಂದರೆ ಸುಮಾರು 23.4 ಮಿ.ಮೀ. 23ರ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 24ರದ್ದು ಮೂಲೆ ಸವೆಸುತ್ತದೆ. 3/8ರದ್ದು 0.710 ಇಂಚು, ಅದಕ್ಕೆ ಒಳ್ಳೆಯ 18ರ ರಿಂಗ್ ಸ್ಪ್ಯಾನರ್ ಕೂರುತ್ತದೆ. 7/16 ಬಿಎಸ್‌ಎಫ್ (ಬ್ರಿಟಿಷ್ ಸಣ್ಣ ಥ್ರೆಡ್) ಬೋಲ್ಟಿಗೂ ಅದೇ ಸ್ಪ್ಯಾನರ್. ಕಳೆದುಹೋದ ಬೋಲ್ಟಿನ ಜಾಗಕ್ಕೆ ಸಿಕ್ಕಿದ್ದನ್ನು ತುರುಕುವುದು ಮಾತ್ರ ಬೇಡವೇ ಬೇಡ. 1/2 ವಿಟ್‌ವರ್ತ್‌ಗೆ ಇಂಚಿಗೆ 12 ಥ್ರೆಡ್, ಅದೇ ದಪ್ಪದ ಯುಎನ್‌ಸಿಗೆ (ಅಮೆರಿಕನ್ ಅಳತೆ) 13. ಮೊದಲ ಎರಡು ಸುತ್ತು ಸರಾಗವಾಗಿ ಹೋಗಿ ಮೂರನೆಯದಕ್ಕೆ ಹಿಡಿಯುತ್ತದೆ. ಅಲ್ಲಿ ಬಲ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಥ್ರೆಡ್ ಕಿತ್ತುಕೊಂಡೇ ಬರುತ್ತದೆ.

ನಾನು ಕೆಲಸ ಮಾಡಿದ ಲಾರಿ ಇಂಗ್ಲೆಂಡಿನ ಸ್ಯಾಂಡ್‌ಬ್ಯಾಚ್‌ನಲ್ಲಿ ತಯಾರಾದ, ಇಆರ್‌ಎಫ್ ಕಂಪನಿಯದು. 1962ರಲ್ಲಿ ಬಂದ ಎಲ್‌ವಿ ಮಾದರಿಯ ಫೈಬರ್‌ಗ್ಲಾಸ್ ಕ್ಯಾಬು, ಡೇವಿಡ್ ಬ್ರೌನ್ 6 ಗೇರಿನ ಬಾಕ್ಸು. ಎಂಜಿನ್ನು ಮ್ಯಾಂಚೆಸ್ಟರ್ ಪಕ್ಕದ ಪ್ಯಾಟ್ರಿಕ್ರಾಫ್ಟ್‌ನ ಗಾರ್ಡ್ನರ್ 6ಎಲ್‌ಎಕ್ಸ್: 10.45 ಲೀಟರು, 1700 ಆರ್‌ಪಿಎಂನಲ್ಲಿ 150 ಅಶ್ವಶಕ್ತಿ.

ವರ್ಷಗಟ್ಟಲೆ ನಿಂತ ಗಾರ್ಡ್ನರ್ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ಉಸಿರು ಬಿಟ್ಟರೆ ಇಂಜೆಕ್ಷನ್ ಪಂಪ್ ಬಿಚ್ಚಬೇಡಿ. ಹೆಚ್ಚಿನ ಸಲ ತಪ್ಪು ಟ್ಯಾಂಕಿಗೂ ಅದರಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿಗೂ ನಡುವೆ ಇರುತ್ತದೆ. ಈ ಭಾಗದಲ್ಲಿ ಡೀಸೆಲ್ ಎಳೆತದಲ್ಲಿ ಬರುವುದರಿಂದ ಬಿರುಕಿದ್ದರೂ ಹೊರಗೆ ಒಂದು ಹನಿ ಸೋರುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ, ಅಷ್ಟೆ. ಅದನ್ನು ಕಣ್ಣಾರೆ ಕಾಣಲು ನಾನು ಮಾಡಿದ್ದು ಇಷ್ಟು: ಲಿಫ್ಟ್ ಪಂಪಿನ ಮುಂದೆ ಒಂದು ಗೇಣುದ್ದ ಪಾರದರ್ಶಕ ಡೀಸೆಲ್ ಹೋಸ್ ಸೇರಿಸಿ ಎಂಜಿನ್ ಓಡಿಸಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಟ್ಯಾಂಕಿನ ಕಡೆಯಿಂದ ಒಂದೊಂದೇ ಜಾಯಿಂಟಿಗೆ ಹೊಸ ತಾಮ್ರದ ವಾಷರ್ ಹಾಕುತ್ತಾ ಬಂದೆ, ಕೊನೆಗೆ ಸಿಕ್ಕಿದ್ದು ಬಟ್ಟೆ ಸುತ್ತಿದ ಹಳೆಯ ರಬ್ಬರ್ ಹೋಸು. ಬ್ರಿಟನ್ನಿನಲ್ಲಿ ಈಗ ಮಾರುವ ಡೀಸೆಲಿನಲ್ಲಿ ಶೇಕಡ 7ರವರೆಗೆ ಬಯೋಡೀಸೆಲ್ ಇರುತ್ತದೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಹೋಸು ಒಳಗಿನಿಂದ ಮೆತ್ತಗಾಗಿ ಉದುರುತ್ತದೆ, ಲಿಫ್ಟ್ ಪಂಪಿನ ಡಯಾಫ್ರಾಮ್ ಉಬ್ಬುತ್ತದೆ. ಎರಡನ್ನೂ ಬಯೋಡೀಸೆಲ್ ತಾಳುವ ವೈಟಾನ್ ರಬ್ಬರಿಗೆ ಬದಲಿಸಿ. ಜೊತೆಗೆ, ಬಯೋಡೀಸೆಲ್ ನೀರು ಹೀರುವುದರಿಂದ ಚಳಿಗಾಲಕ್ಕೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ಡೀಸೆಲ್ ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ ಗಾರ್ಡ್ನರಿನಲ್ಲಿ ಬಹಳ ಚೆನ್ನ. ಲಿಫ್ಟ್ ಪಂಪಿನ ಕೈ ಲಿವರ್ ಆಡಿಸಿ ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ, ನೊರೆಯಿಲ್ಲದ ಡೀಸೆಲ್ ಬರುವವರೆಗೆ. ಪಂಪಿನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಸಣ್ಣ ಪ್ರೈಮಿಂಗ್ ಲಿವರ್ ಇದೆ. ಹೈ ಪ್ರೆಷರ್ ಪೈಪಿನ ನಟ್ ಸಡಿಲಿಸಿ ಲಿವರ್ ಎತ್ತುತ್ತಾ ಏರ್ ಹೊರಹಾಕಿ, ನಟ್ ಬಿಗಿಮಾಡಿ ಮತ್ತೆ ಎತ್ತಿ. ಈಗ ಲಿವರ್ ಬೆರಳಿಗೆ ಗಟ್ಟಿಯಾಗಿ ಸಿಗಬೇಕು, ಒತ್ತಡ ಏರಿದಾಗ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ 'ಕಿರ್ರ್' ಎಂದು ನಡುಗಿದ್ದು ಬೆರಳಿಗೇ ಗೊತ್ತಾಗಬೇಕು. ಲಿವರ್ ಸ್ಪಂಜಿನ ಹಾಗೆ ಒತ್ತಿಕೊಂಡರೆ ಏರ್ ಇನ್ನೂ ಇದೆ. ಗಟ್ಟಿಯಿದ್ದೂ ಸದ್ದಿಲ್ಲದೆ ಇಳಿದುಹೋದರೆ ಆ ನಾಜಲ್ ತೊಟ್ಟಿಕ್ಕುತ್ತಿದೆ, ಬಿಚ್ಚಿ ಟೆಸ್ಟಿಗೆ ಕೊಡಿ. ಎಂಜಿನ್ ಸ್ಟಾರ್ಟ್ ಮಾಡದೆಯೇ ಆರೂ ನಾಜಲುಗಳ ನಾಡಿ ಹಿಡಿಯುವ ಅನುಕೂಲ ಇದು. ಇದನ್ನು ಯೋಚಿಸಿ ಇಟ್ಟವರ ಮೇಲೆ ನನಗೆ ಅಪಾರ ಗೌರವ.

ಟ್ಯಾಪೆಟ್ ಅಳತೆ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ಟಿಗೆ 4 ಥೌ, ಎಕ್ಸಾಸ್ಟಿಗೆ 8 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು). 6ನೇ ಸಿಲಿಂಡರಿನ ಎರಡು ರಾಕರ್‌ಗಳು ಅದಲುಬದಲಾಗಿ ಆಡುವಾಗ 1ನೆಯದನ್ನು ಹೊಂದಿಸಿ. ಜೋಡಿಗಳು 1-6, 2-5, 3-4. ಎಂಜಿನ್ನನ್ನು ಕೈಯಲ್ಲಿ ತಿರುಗಿಸಲು, ವಾಲ್ವ್ ತೆರೆದಿಟ್ಟು ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿರುತ್ತೇವಲ್ಲ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಡುವ ಮುಂಚೆ ಅದನ್ನು ಇಳಿಸಬೇಕು. ಮರೆತರೆ ವಾಲ್ವ್ ಎತ್ತಿಕೊಂಡೇ ಇರುತ್ತದೆ, ಅಳತೆಯೆಲ್ಲ ಸುಳ್ಳು.

ಓಡಿಸುವುದು ಎಂದರೆ ಡಬಲ್ ಕ್ಲಚ್. ನಮ್ಮಲ್ಲಿ ಹಳೆಯ ಲೇಲ್ಯಾಂಡ್ ಕಾಮೆಟ್ ಓಡಿಸಿದವರ ಕಾಲಿಗೆ ಇದು ಗೊತ್ತಿರುವ ಪಾಠವೇ. ಗಾರ್ಡ್ನರಿನಲ್ಲಿ ವ್ಯತ್ಯಾಸ ಕಾಯುವುದರಲ್ಲಿದೆ. ಫ್ಲೈವೀಲ್ ಭಾರ, ಆರ್‌ಪಿಎಂ ನಿಧಾನವಾಗಿ ಇಳಿಯುತ್ತದೆ. ಎರಡು ಗೇರಿನ ನಡುವಿನ ಅಂತರ 1.6 ಪಟ್ಟು ಎಂದಿಟ್ಟುಕೊಳ್ಳಿ: 1600ರಲ್ಲಿ ಗೇರು ಬಿಟ್ಟರೆ ಮೇಲಿನ ಗೇರು ಕೂರುವುದು 1000ಕ್ಕೆ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆ 600 ಇಳಿಯುವವರೆಗೆ ಕಾಯಿರಿ, ಮತ್ತೆ ಕ್ಲಚ್ ಒತ್ತಿ ಗೇರು. ಲಿವರನ್ನು ಹಲ್ಲಿಗೆ ಒತ್ತಿ ಹಿಡಿಯಬೇಡಿ. ಹೊತ್ತು ಸರಿಯಾಗಿದ್ದರೆ ಎರಡು ಬೆರಳಿಗೆ ತಾನಾಗಿ ಜಾರಿ ಕೂರುತ್ತದೆ.

ಏರುದಾರಿಯಲ್ಲಿ ಲೆಕ್ಕ ಬದಲಾಗುತ್ತದೆ. ನೀವು ಕಾಯುತ್ತಿರುವಾಗ ಲಾರಿಯ ವೇಗವೂ ಬೀಳುವುದರಿಂದ 1000 ಸಾಲದು, 900ಕ್ಕೆ ಇಳಿಯಬೇಕು. ಅಷ್ಟರಲ್ಲಿ ವೇಗ ಇನ್ನೂ ಬಿದ್ದಿರುತ್ತದೆ. ಅಂಥಲ್ಲಿ ಮೇಲಿನ ಗೇರಿನ ಆಸೆ ಬಿಟ್ಟು ಇರುವ ಗೇರಿನಲ್ಲೇ ಹತ್ತಿಸಿ, ಎಂಜಿನ್ನಿಗೆ ಅದು ಭಾರವಲ್ಲ. ಕೆಳಗಿನ ಗೇರಿಗೆ ಬರುವಾಗ ನ್ಯೂಟ್ರಲಿನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಡಿ. ಎಂಜಿನ್ನಿನ ಮಿತಿಯೇ 1700 ಆದ್ದರಿಂದ 1000 ದಾಟಿದ ಮೇಲೆ ಕೆಳಗೆ ತರಲು ಜಾಗ ಬಹಳ ಕಡಿಮೆ. ಹಾಗಾಗಿ ಇಳಿಜಾರಿಗೆ ಗೇರನ್ನು ನೆತ್ತಿಯಲ್ಲೇ ಹಿಡಿಯಬೇಕು. ನಡುವೆ ಬದಲಿಸಲು ಹೋಗಿ ನ್ಯೂಟ್ರಲಿನಲ್ಲಿ ಸಿಕ್ಕಿಕೊಂಡರೆ ಉಳಿಯುವುದು ಬ್ರೇಕ್ ಮಾತ್ರ. ಕ್ಲಚ್ ಪೆಡಲನ್ನು ತಳದವರೆಗೆ ಒತ್ತಿದರೆ ಹಿಡಿಯುವ ಕ್ಲಚ್ ಸ್ಟಾಪ್ ನಿಂತ ಲಾರಿಯನ್ನು ಗೇರಿಗೆ ಹಾಕಲು. ಡೌನ್ ಶಿಫ್ಟಿನಲ್ಲಿ ಪೆಡಲ್ ಅಷ್ಟು ಕೆಳಗೆ ಹೋದರೆ ಗೇರ್‌ಬಾಕ್ಸಿನ ಶಾಫ್ಟ್ ನಿಂತು ಹಲ್ಲು ಉಜ್ಜುತ್ತದೆ.

ಬ್ರೇಕಿನ ಬಗ್ಗೆ ಎರಡು ಮಾತು. ಆ ಕಾಲದ ಏರ್ ಬ್ರೇಕಿನಲ್ಲಿ, ಗಾಳಿ ಹೋದಾಗ ತಾನೇ ಹಿಡಿಯುವ ಸ್ಪ್ರಿಂಗ್ ಬ್ರೇಕ್ ಇಲ್ಲ. ಗಾಳಿ ಹೋದರೆ ಚಕ್ರ ಲಾಕ್ ಆಗುವುದಿಲ್ಲ, ಬ್ರೇಕೇ ಇರುವುದಿಲ್ಲ. ಗೇಜ್ ಪೂರ್ತಿ ಏರುವವರೆಗೆ ಲಾರಿ ಅಲ್ಲಾಡಿಸಬೇಡಿ. ಎಂಜಿನ್ ನಿಲ್ಲಿಸಿ, ಪೆಡಲ್ ಒತ್ತಿ ಹಿಡಿದು ಮುಳ್ಳು ಇಳಿಯುತ್ತದೆಯೇ ನೋಡಿ, ಇಳಿದರೆ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಡ್ರಮ್ಮಿನ ಧೂಳನ್ನು ಏರ್ ಹೊಡೆದು ಊದಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯೇ ಇಡಿ. ದಿನದ ಕೊನೆಗೆ ಏರ್ ಟ್ಯಾಂಕಿನ ತಳದ ಕಾಕ್ ತೆಗೆದು ನೀರು ಬಿಡಿ. ಬಿಡದಿದ್ದರೆ ಜನವರಿಯ ಬೆಳಗ್ಗೆ ಅದು ವಾಲ್ವಿನೊಳಗೆ ಮಂಜುಗಡ್ಡೆಯಾಗಿ ಕೂತಿರುತ್ತದೆ.