ಆಸ್ಪತ್ರೆಯ ಚೀಲದಲ್ಲಿ ಸಿಪ್ಯಾಪ್ ಯಂತ್ರ

ಪಿತ್ತಕೋಶದಲ್ಲಿ ಕಲ್ಲುಗಳಿವೆ, ಲ್ಯಾಪರೊಸ್ಕೋಪಿ ಮಾಡಿ ಪಿತ್ತಕೋಶವನ್ನೇ ತೆಗೆಯಬೇಕು ಎಂದು ತಿಳಿಸಿದ ದಿನ ಸರ್ಜನ್ ನನ್ನ ಹೊಟ್ಟೆಯ ಬಗ್ಗೆ ಕಾಲು ಗಂಟೆ ಬಿಡಿಸಿ ಹೇಳಿದರು. ನಾನು ಹೇಗೆ ನಿದ್ದೆ ಮಾಡುತ್ತೇನೆ ಎಂಬುದನ್ನು ಮಾತ್ರ ಕೇಳಲಿಲ್ಲ. ಒಂದು ಗಂಟೆಯ ಕೆಲಸ, ಮರುದಿನ ಬೆಳಿಗ್ಗೆ ಮನೆಗೆ ಹೋಗಬಹುದು ಎಂದರು. ಎದ್ದು ಹೊರಡುವಾಗ ನಾನೇ, “ಸರ್, ನನಗೆ ಸ್ಲೀಪ್ ಅಪ್ನಿಯಾ ಇದೆ, ರಾತ್ರಿ ಸಿಪ್ಯಾಪ್ ಹಾಕಿಕೊಂಡು ಮಲಗುತ್ತೇನೆ” ಎಂದೆ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಅದು; ಸಿಪ್ಯಾಪ್ ಎಂದರೆ ಮಾಸ್ಕಿನ ಮೂಲಕ ಗಾಳಿ ಊದಿ ಗಂಟಲನ್ನು ತೆರೆದಿಡುವ ಯಂತ್ರ. ಅವರು ಬರೆದಿದ್ದ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು, ಅರಿವಳಿಕೆ ತಜ್ಞರನ್ನು ಮೊದಲೇ ಕಾಣಬೇಕೆಂದು ಅದರ ಮೇಲೆ ಬರೆದು, ಆಪರೇಷನ್ನಿನ ತಾರೀಖನ್ನು ಮೂರು ವಾರ ಮುಂದೆ ಹಾಕಿದರು. ಆ ಮೂರು ವಾರ, ಆಸ್ಪತ್ರೆಯ ಮೂರು ರಾತ್ರಿ ಮತ್ತು ಮನೆಗೆ ಬಂದ ನಂತರದ ಕೆಲವು ರಾತ್ರಿಗಳಲ್ಲಿ ನಾನು ಏನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು, ವಯಸ್ಸು 56. ನಾಲ್ಕು ವರ್ಷದ ಹಿಂದೆ ಹೆಂಡತಿ ನನ್ನ ಗೊರಕೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ಬೆಳಿಗ್ಗೆ ಕಾಫಿಯ ಜೊತೆ ನನಗೆ ತೋರಿಸಿದ್ದಳು. ಗೊರಕೆಗಿಂತ ಅದರ ನಡುವಿನ ನಿಶ್ಶಬ್ದ ಭಯ ಹುಟ್ಟಿಸುವಂತಿತ್ತು: ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ, ಆಮೇಲೆ ಬಾವಿಯಿಂದ ಮೇಲೆ ಬಂದವನಂತೆ ಒಮ್ಮೆಲೇ ಉಸಿರೆಳೆದುಕೊಳ್ಳುತ್ತಿದ್ದೆ. ನಿದ್ರಾ ಪರೀಕ್ಷೆಯಲ್ಲಿ ಇಂತಹ ತಡೆಗಳು ಗಂಟೆಗೆ ಸರಾಸರಿ 38 ಬಾರಿ ಆಗುತ್ತಿವೆಯೆಂದು ಬಂತು. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ತೀರ ಕ್ಷೀಣಿಸಿದರೆ ಅದನ್ನು ಒಂದು ತಡೆ ಎಂದು ಎಣಿಸುತ್ತಾರೆ; ಗಂಟೆಗೆ 5ರಿಂದ 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕಿಂತ ಹೆಚ್ಚಾದರೆ ತೀವ್ರ. ರಕ್ತದ ಆಮ್ಲಜನಕ ಒಂದು ಹಂತದಲ್ಲಿ ಶೇಕಡಾ 74ಕ್ಕೆ ಇಳಿದಿತ್ತು. ಅಂದಿನಿಂದ 11 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಹೊಂದಿಸಿದ ಸಿಪ್ಯಾಪ್ ಯಂತ್ರ ನನ್ನ ಮಂಚದ ಪಕ್ಕದಲ್ಲಿದೆ. ಮೂಗಿನ ಮೇಲಿನ ಮಾಸ್ಕಿನ ಮೂಲಕ ಅದು ಊದುವ ಗಾಳಿ ಗಂಟಲಿನ ಮೃದು ಗೋಡೆಗಳು ಕುಸಿದು ಅಂಟಿಕೊಳ್ಳದಂತೆ ತಡೆಹಿಡಿಯುತ್ತದೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯವಿದು.

ಯಂತ್ರ ಇದೆ ಎಂದೆನೇ ಹೊರತು ಅದನ್ನು ಸರಿಯಾಗಿ ಬಳಸುತ್ತಿದ್ದೆ ಎಂದು ಹೇಳಲಾರೆ. ಸರ್ಜನ್ ಬಳಿಯಿಂದ ಬಂದ ರಾತ್ರಿ ಯಂತ್ರದೊಳಗಿನ ಲೆಕ್ಕವನ್ನು ತೆಗೆದು ನೋಡಿದರೆ ಸರಾಸರಿ ಬಳಕೆ ರಾತ್ರಿಗೆ ಮೂರೂ ಮುಕ್ಕಾಲು ಗಂಟೆ. ನಡುರಾತ್ರಿ ನೀರು ಕುಡಿಯಲು ಎದ್ದವನು ಮಾಸ್ಕನ್ನು ಮೊಳೆಗೆ ತಗುಲಿಸಿ ಹಾಗೆಯೇ ಮಲಗಿಬಿಡುತ್ತಿದ್ದೆ. ಆದ್ದರಿಂದ ನನ್ನ ಸಿದ್ಧತೆಯ ಮೊದಲ ಕೆಲಸ ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ ಆರಂಭವಾಯಿತು. ಸಡಿಲಗೊಂಡಿದ್ದ ಮಾಸ್ಕಿನ ಮೆತ್ತೆಯನ್ನು ಬದಲಿಸಿದೆ. ಮೂವತ್ತು ವರ್ಷದಿಂದ ಬೆಳೆಸಿದ್ದ ದಪ್ಪ ಮೀಸೆಯ ಅಂಚಿನಿಂದ ಗಾಳಿ ಸೋರುತ್ತಿದ್ದುದರಿಂದ ಅದನ್ನು ಬೋಳಿಸಿದೆ. ಶಾಲೆಯಲ್ಲಿ ಮಕ್ಕಳು ಎರಡು ದಿನ ನನ್ನನ್ನು ನೋಡಿ ನಕ್ಕರು. ಸಂಜೆ ಸ್ನೇಹಿತರೊಡನೆ ಅಪರೂಪಕ್ಕೆ ತೆಗೆದುಕೊಳ್ಳುತ್ತಿದ್ದ ಮದ್ಯವನ್ನು ನಿಲ್ಲಿಸಿದೆ, ಏಕೆಂದರೆ ಅದು ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಮೂರನೆಯ ವಾರಕ್ಕೆ ಬಳಕೆ ಆರೂವರೆ ಗಂಟೆಗೆ ಏರಿತು, ಉಳಿಕೆ ತಡೆಗಳು, ಅಂದರೆ ಯಂತ್ರ ಹಾಕಿಕೊಂಡಾಗಲೂ ಆಗುವ ತಡೆಗಳು, ಗಂಟೆಗೆ 2ಕ್ಕೆ ನಿಂತವು.

ಅರಿವಳಿಕೆ ತಜ್ಞೆಯನ್ನು ಕಾಣಲು ಹೋದಾಗ ಹಳೆಯ ನಿದ್ರಾ ಪರೀಕ್ಷೆಯ ವರದಿ, ಯಂತ್ರದ ಒತ್ತಡ ಬರೆದ ಚೀಟಿ ಮತ್ತು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಆಸ್ಪತ್ರೆಯವರು ಪಿಎಸಿ ಎಂದು ಕರೆಯುವ ಈ ತಪಾಸಣೆಯನ್ನು ಎಷ್ಟೋ ಜನ ಆಪರೇಷನ್ನಿನ ಹಿಂದಿನ ಸಂಜೆಗೆ ಉಳಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಇಡೀ ಸಿದ್ಧತೆಯ ಬೆನ್ನೆಲುಬೇ ಅದು. ಅವರು ಎಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ಕೇಳಿದರು: ಗೊರಕೆ ಜೋರೇ, ಹಗಲು ದಣಿವೇ, ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರೆಯೇ, ರಕ್ತದೊತ್ತಡ ಇದೆಯೇ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35ಕ್ಕಿಂತ ಹೆಚ್ಚೇ, ವಯಸ್ಸು 50 ದಾಟಿದೆಯೇ, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ, ಗಂಡಸೇ. ಟೊರೊಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸ್ಟಾಪ್-ಬ್ಯಾಂಗ್ ಎಂಬ ಈ ಪಟ್ಟಿಯಲ್ಲಿ ಐದು ಅಥವಾ ಹೆಚ್ಚು ಹೌದುಗಳು ಬಂದರೆ ಅಪಾಯ ಹೆಚ್ಚು. ನನ್ನ ಬಿಎಂಐ 33, ಕುತ್ತಿಗೆ 43 ಸೆಂಟಿಮೀಟರ್. ಎಂಟಕ್ಕೆ ಏಳು ಅಂಕ. ನನಗೆ ಹೇಗೂ ರೋಗ ಖಚಿತವಾಗಿತ್ತು, ಆದರೂ ಬಾಯಿ ಅಗಲಿಸಿ ನಾಲಿಗೆ ಚಾಚಿಸಿ, ಕಿರುನಾಲಿಗೆ ಎಷ್ಟು ಕಾಣುತ್ತದೆಂದು ಅವರು ಟಾರ್ಚ್ ಹಿಡಿದು ನೋಡಿದರು. ಭಾರತ ಮೂಲದ ಶೇಷಗಿರಿರಾವ್ ಮಲ್ಲಂಪಾಟಿಯವರ ಹೆಸರಿನ ನಾಲ್ಕು ದರ್ಜೆಗಳಲ್ಲಿ ನನ್ನದು ಮೂರನೆಯದು: ಮೆದು ಅಂಗುಳು ಕಾಣುತ್ತದೆ, ಕಿರುನಾಲಿಗೆಯ ಬುಡ ಮಾತ್ರ ಕಾಣುತ್ತದೆ. ಉಸಿರಿನ ನಳಿಕೆ ಹಾಕಲು ಸ್ವಲ್ಪ ಕಷ್ಟವಾಗಬಹುದು, ಅದಕ್ಕೆ ವಿಡಿಯೊ ಇರುವ ಸಾಧನವನ್ನು ಸಿದ್ಧವಾಗಿಟ್ಟುಕೊಳ್ಳುತ್ತೇವೆ ಎಂದರು. ಹೃದಯದ ಇಸಿಜಿ ಮತ್ತು ಎಕೋ ಜೊತೆಗೆ ರಕ್ತದ ಬೈಕಾರ್ಬೊನೇಟನ್ನೂ ಪರೀಕ್ಷಿಸಲು ಬರೆದರು. ಹಗಲಿನಲ್ಲೂ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವವರಲ್ಲಿ ಅದು ಏರಿರುತ್ತದಂತೆ, ನನ್ನದು ಮಿತಿಯೊಳಗಿತ್ತು.

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಮಾಡಲಾಗದೇ ಎಂದು ಕೇಳಿದೆ. ಹರ್ನಿಯಾಕ್ಕೋ ಮೊಣಕಾಲಿಗೋ ಆದರೆ ಅದೇ ಒಳ್ಳೆಯದು, ಆದರೆ ಹೊಟ್ಟೆಗೆ ಅನಿಲ ತುಂಬಿ ಮಾಡುವ ಈ ಕೆಲಸದಲ್ಲಿ ನಿಮಗೆ ಪೂರ್ತಿ ಅರಿವಳಿಕೆ ಕೊಟ್ಟು ಉಸಿರನ್ನು ನಮ್ಮ ಕೈಯಲ್ಲಿಟ್ಟುಕೊಳ್ಳುವುದೇ ಸುರಕ್ಷಿತ ಎಂದು ಅವರು ಉತ್ತರಿಸಿದರು. ಆಮೇಲೆ ಅವರು ಹೇಳಿದ ಮಾತು ನನ್ನ ಭಯದ ದಿಕ್ಕನ್ನೇ ಬದಲಿಸಿತು: “ಮೇಷ್ಟ್ರೇ, ಟೇಬಲ್ ಮೇಲೆ ಇರುವಷ್ಟು ಹೊತ್ತು ನಾನು ನಿಮ್ಮ ತಲೆಯ ಹತ್ತಿರವೇ ಇರುತ್ತೇನೆ, ಅಲ್ಲಿ ಹೆದರಬೇಡಿ. ವಾರ್ಡಿಗೆ ಹೋದ ಮೇಲೆ, ಎಲ್ಲ ಮುಗಿಯಿತು ಅಂತ ಎಲ್ಲರೂ ಮಲಗುತ್ತಾರಲ್ಲ, ಆಗ ಹುಷಾರಾಗಿರಿ.” ನಿದ್ರೆಯಲ್ಲಿ ಗಂಟಲು ಮುಚ್ಚಿದಾಗ ನನ್ನನ್ನು ಈವರೆಗೆ ಬದುಕಿಸಿರುವುದು ಮಿದುಳು ಗಾಬರಿಯಾಗಿ ಎಬ್ಬಿಸುವ ಆ ಒಂದು ಕ್ಷಣ. ಅರಿವಳಿಕೆಯ ಉಳಿಕೆ, ಮಾರ್ಫಿನ್ ಜಾತಿಯ ನೋವುನಿವಾರಕಗಳು, ನಿದ್ರೆಮಾತ್ರೆಗಳು ಗಂಟಲನ್ನು ಇನ್ನಷ್ಟು ಸಡಿಲಗೊಳಿಸುವುದಲ್ಲದೆ, ಎಬ್ಬಿಸುವ ಆ ಕಾವಲುಗಾರನನ್ನೂ ಮಲಗಿಸುತ್ತವೆ. ಆದುದರಿಂದ ನೋವಿಗೆ ಪ್ಯಾರಾಸಿಟಮಾಲ್ ಮತ್ತು ಕೆಟೊರೊಲ್ಯಾಕ್, ಗಾಯದ ಜಾಗಕ್ಕೆ ಮರಗಟ್ಟಿಸುವ ಬುಪಿವಕೈನ್, ಮಾರ್ಫಿನ್ ಜಾತಿಯ ಫೆಂಟಾನಿಲ್ ಅನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟು, ಮೊದಲ ರಾತ್ರಿ ಸಾಮಾನ್ಯ ವಾರ್ಡಿನ ಬದಲು ನಿಗಾ ಘಟಕ, ಎರಡನೆಯ ರಾತ್ರಿ ವಾರ್ಡು ಎಂದು ಅವರು ಕಡತದಲ್ಲಿ ಬರೆದರು. ಒಂದೇ ರಾತ್ರಿ ಎಂದು ಅಂದುಕೊಂಡಿದ್ದ ವಿಮಾ ಕಂಪನಿಗೆ ಈ ಹೆಚ್ಚಿನ ರಾತ್ರಿಯನ್ನು ಒಪ್ಪಿಸಲು ಮಗ ಓಡಾಡಬೇಕಾಯಿತು.

ನನ್ನ ರಕ್ತದೊತ್ತಡದ ಮಾತ್ರೆಗಳ ವಿಷಯದಲ್ಲಿ ನನಗೆ ಹೇಳಿದ್ದು ಇಷ್ಟು: ಟೆಲ್ಮಿಸಾರ್ಟನ್ ಅನ್ನು ಹಿಂದಿನ ದಿನದಿಂದ ಬಿಡುವುದು, ಆಮ್ಲೊಡಿಪಿನ್ ಅನ್ನು ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗುವುದು. ಇದು ನನ್ನ ದೇಹಕ್ಕೆ ಬರೆದ ಚೀಟಿ, ಇನ್ನೊಬ್ಬರು ತಮ್ಮ ವೈದ್ಯರನ್ನೇ ಕೇಳಬೇಕು. ಉಪವಾಸದಲ್ಲಿ ನಮ್ಮ ಕಡೆಯವರು ತಪ್ಪುವುದು ಕಾಫಿಯಲ್ಲಿ. ನೀರನ್ನು ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು ಎಂದರೆ ಕಾಫಿಯನ್ನೂ ಕುಡಿಯಬಹುದು ಎಂದು ನಾನು ತಿಳಿದಿದ್ದೆ. ಹಾಲು ಬೆರೆತರೆ ಅದು ಆಹಾರದ ಲೆಕ್ಕ, ಆರು ಗಂಟೆ ಅಂತರ ಬೇಕು.

ಚೀಲ ಕಟ್ಟುವ ಕೆಲಸವನ್ನು ನಾನೇ ಮಾಡಿದೆ. ಯಂತ್ರ, ಕೊಳವೆ, ತೊಳೆದು ಒಣಗಿಸಿದ ಮಾಸ್ಕ್, ತೇವದ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್, ಉದ್ದ ತಂತಿಯ ಎಕ್ಸ್‌ಟೆನ್ಷನ್ ಬೋರ್ಡ್. ಯಂತ್ರದ ನೆತ್ತಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಕಾಗದ ಅಂಟಿಸಿದೆ: “ರೋಗಿಗೆ ಸ್ಲೀಪ್ ಅಪ್ನಿಯಾ ಇದೆ. ಹಗಲಾಗಲಿ ರಾತ್ರಿಯಾಗಲಿ, ಮಲಗಿದಾಗ ಇದನ್ನು ಹಾಕಬೇಕು. ಒತ್ತಡ 11. ನಿದ್ರೆಮಾತ್ರೆ ಕೊಡಬೇಡಿ.” ನಾನೇ ಹೇಳಲಾಗದ ಸ್ಥಿತಿಯಲ್ಲಿರುತ್ತೇನೆ ಎಂಬುದು ನೆನಪಾಗಿ, ಹೆಂಡತಿಗೆ ಮಾಸ್ಕ್ ಕಟ್ಟುವುದನ್ನೂ ಸೋರಿಕೆಯ ಸದ್ದನ್ನು ಗುರುತಿಸುವುದನ್ನೂ ಮೂರು ರಾತ್ರಿ ಅಭ್ಯಾಸ ಮಾಡಿಸಿದೆ. ಮೊದಲ ರಾತ್ರಿ ಅವಳು ಪಟ್ಟಿಯನ್ನು ಎಷ್ಟು ಬಿಗಿದಿದ್ದಳೆಂದರೆ ಬೆಳಿಗ್ಗೆ ಕೆನ್ನೆಯ ಮೇಲೆ ಎರಡು ಗೆರೆ ಮೂಡಿದ್ದವು.

ಹಿಂದಿನ ದಿನ ಸಂಜೆ ದಾಖಲಾದೆ. ರಾತ್ರಿ ಒಂಬತ್ತಕ್ಕೆ ಸಿಸ್ಟರ್ ಒಂದು ಪುಟ್ಟ ಮಾತ್ರೆ ತಂದು, “ನಾಳೆ ಆಪರೇಷನ್ ಅಲ್ವಾ ಸರ್, ಚೆನ್ನಾಗಿ ನಿದ್ದೆ ಬರುತ್ತೆ, ತಗೊಳ್ಳಿ” ಎಂದರು. ಅದು ಆಲ್ಪ್ರಾಜೊಲಾಂ. ಎಲ್ಲ ರೋಗಿಗಳಿಗೂ ಬರೆಯುವ ಅಚ್ಚಿನ ಹಾಳೆಯಲ್ಲಿ ನನ್ನ ಹೆಸರಿನ ಮುಂದೆಯೂ ಅದು ಇತ್ತು. ಅರಿವಳಿಕೆ ತಜ್ಞೆಯ ಟಿಪ್ಪಣಿ ಅದೇ ಕಡತದ ಇನ್ನೊಂದು ಪುಟದಲ್ಲಿತ್ತು. ಎರಡು ಪುಟಗಳು ಪರಸ್ಪರ ಮಾತನಾಡಿರಲಿಲ್ಲ, ಅಷ್ಟೆ. ನಾನು ಯಂತ್ರದ ಮೇಲಿನ ಕಾಗದ ತೋರಿಸಿ, ದಯವಿಟ್ಟು ಡ್ಯೂಟಿ ಡಾಕ್ಟರನ್ನು ಒಮ್ಮೆ ಕೇಳಿ ಎಂದೆ. ಹತ್ತು ನಿಮಿಷದಲ್ಲಿ ಸಿಸ್ಟರ್ ಮರಳಿ ಬಂದು ಹಾಳೆಯಲ್ಲಿ ಮಾತ್ರೆಯ ಹೆಸರನ್ನು ಹೊಡೆದುಹಾಕಿದರು. ಅದೇ ರಾತ್ರಿ ಕರೆಂಟು ಹೋಗಿ, ಜನರೇಟರ್ ಹಿಡಿಯುವವರೆಗೆ ಯಂತ್ರ ನಿಂತು ಎಚ್ಚರವಾಯಿತು. ಪ್ಲಗ್ಗನ್ನು ಯುಪಿಎಸ್ ಇರುವ ಸಾಕೆಟ್ಟಿಗೆ ಹಾಕಬೇಕಿತ್ತು ಎಂದು ವಾರ್ಡ್ ಬಾಯ್ ಹೇಳಿ, ಮಂಚದ ಆ ಬದಿಗೆ ತಂತಿ ಎಳೆದುಕೊಟ್ಟ. ಉದ್ದ ತಂತಿಯ ಬೋರ್ಡ್ ಆಗ ಉಪಯೋಗಕ್ಕೆ ಬಂತು.

ಆಪರೇಷನ್ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ತಲೆಯ ಕಡೆ ಎತ್ತರಿಸಿದ ಟೇಬಲ್ಲಿನ ಮೇಲೆ ಮಲಗಿಸಿ, ಮುಖಕ್ಕೆ ಮಾಸ್ಕ್ ಒತ್ತಿ ಕೆಲವು ನಿಮಿಷ ಬರಿಯ ಆಮ್ಲಜನಕವನ್ನು ಉಸಿರಾಡಿಸಿದ್ದು ನೆನಪಿದೆ. ಎಚ್ಚರವಾದಾಗ ಅರ್ಧ ಕುಳಿತ ಭಂಗಿಯಲ್ಲಿದ್ದೆ. ಸ್ನಾಯುಗಳನ್ನು ಸಡಿಲಿಸುವ ಮದ್ದಿನ ಪರಿಣಾಮ ಪೂರ್ತಿ ಇಳಿದು, ನಾನು ಕಣ್ಣು ತೆರೆದು ಹೇಳಿದ ಮಾತು ಕೇಳುವವರೆಗೆ ನಳಿಕೆಯನ್ನು ತೆಗೆದಿರಲಿಲ್ಲವೆಂದು ಆಮೇಲೆ ತಿಳಿಯಿತು. ಬಲ ಭುಜದಲ್ಲಿ ವಿಚಿತ್ರವಾದ ನೋವಿತ್ತು. ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆರಳಿಸಿದಾಗ ಅದು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ.

ನಿಗಾ ಘಟಕದಲ್ಲಿ ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ ಇಟ್ಟಿದ್ದರು, ಪರದೆಯ ಮೇಲೆ ರಕ್ತದ ಆಮ್ಲಜನಕ 98 ಎಂದು ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿರುವಾಗ ನಿಮ್ಮ ಮೆಷಿನ್ ಯಾಕೆ ಎಂದು ಅಲ್ಲಿನ ಹುಡುಗಿ ಕೇಳಿದ್ದು ಸಹಜವೇ. ಆದರೆ ಹೆಚ್ಚುವರಿ ಆಮ್ಲಜನಕ ಇರುವಾಗ ಉಸಿರು ನಿಂತರೂ ಆ ಅಂಕೆ ತಡವಾಗಿ ಇಳಿಯುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಏರುವುದನ್ನು ಅದು ತೋರಿಸುವುದೇ ಇಲ್ಲ. ತಜ್ಞೆ ಬಂದು ಸಿಪ್ಯಾಪ್ ಕೊಳವೆಗೇ ಆಮ್ಲಜನಕವನ್ನು ಜೋಡಿಸಿ, ತಲೆಯ ಭಾಗವನ್ನು 30 ಡಿಗ್ರಿ ಎತ್ತಿಸಿದರು. ಹೊಲಿಗೆ ಹಾಕಿದ ಹೊಟ್ಟೆಗೆ ಯಂತ್ರದ ಗಾಳಿ ತೊಂದರೆ ಮಾಡದೇ ಎಂಬ ನನ್ನ ಅಳುಕನ್ನು ಸರ್ಜನ್ ಬಳಿ ಹೇಳಿಕೊಂಡಾಗ, ಈ ಆಪರೇಷನ್ನಿನ ನಂತರ ಹಾಕಿಕೊಳ್ಳಬಹುದು ಎಂದು ಅವರು ಖಚಿತಪಡಿಸಿದರು. ರಾತ್ರಿ ಎರಡರ ಹೊತ್ತಿಗೆ ನೋವು ಹೆಚ್ಚಾಗಿ, ಮಾರ್ಫಿನ್ ಜಾತಿಗೇ ಸೇರಿದ ಟ್ರಮಡಾಲ್ ಕೊಡುವ ಮಾತು ಬಂತು. ನಾನು ಮಂಪರಿನಲ್ಲಿದ್ದೆ, ಹೊರಗಿನ ಬೆಂಚಿನಿಂದ ಹೆಂಡತಿಯನ್ನು ಕರೆಸಿದರು. “ರೀ, ಸುಮ್ಮನೆ ಮಲಗಿ, ನಾನು ಹೇಳಿದೀನಿ” ಎಂದು ಅವಳು ಮಾಸ್ಕನ್ನು ಸರಿಪಡಿಸಿದ್ದು ಮಾತ್ರ ಗೊತ್ತು. ಆ ರಾತ್ರಿ ಪ್ಯಾರಾಸಿಟಮಾಲ್ ಡ್ರಿಪ್ಪಿನಲ್ಲೇ ಕಳೆಯಿತು.

ಎರಡನೆಯ ರಾತ್ರಿ ವಾರ್ಡಿನಲ್ಲಿ ಕಳೆದು ಮರುದಿನ ಮನೆಗೆ ಬಂದಾಗ ಊರಿನವರು ಬಂದು ಮಾತನಾಡಿಸಿ ಹೋದರು, ಎಲ್ಲರ ಪಾಲಿಗೆ ಸಂಗತಿ ಮುಗಿದಿತ್ತು. ಆಪರೇಷನ್ನಾದ ನಂತರದ ಮೊದಲ ರಾತ್ರಿ ಕನಸಿನ ಘಟ್ಟದ ನಿದ್ರೆ ಬಹುಮಟ್ಟಿಗೆ ಕಳೆದುಹೋಗಿರುತ್ತದೆ, ಆ ಬಾಕಿಯನ್ನು ದೇಹ ಮೂರನೆಯ ರಾತ್ರಿಯ ಆಸುಪಾಸಿನಲ್ಲಿ ತೀರಿಸಿಕೊಳ್ಳುತ್ತದೆ, ಸ್ನಾಯುಗಳು ಅತಿ ಸಡಿಲವಾಗುವುದೂ ಆ ಘಟ್ಟದಲ್ಲೇ ಎಂದು ತಜ್ಞೆ ಎಚ್ಚರಿಸಿದ್ದರು. ಹಾಗಾಗಿ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇರಿಸಿದ್ದೆವು, ಹಗಲಿನ ಸಣ್ಣ ನಿದ್ದೆಗೂ ಮಾಸ್ಕ್ ಹಾಕುತ್ತಿದ್ದೆ. ಮೂರನೆಯ ರಾತ್ರಿ ಯಂತ್ರದ ಲೆಕ್ಕದಲ್ಲಿ ಉಳಿಕೆ ತಡೆಗಳು 2ರಿಂದ 9ಕ್ಕೆ ಏರಿದ್ದವು. ಮಾಸ್ಕ್ ಇಲ್ಲದಿದ್ದರೆ ಎಷ್ಟಾಗುತ್ತಿತ್ತೋ. ಅದು 2ಕ್ಕೆ ಇಳಿದದ್ದು ಎಂಟನೆಯ ರಾತ್ರಿ.

ಕಳೆದ ತಿಂಗಳು ಭಾವಮೈದುನನಿಗೆ ಹರ್ನಿಯಾ ಆಪರೇಷನ್ ನಿಗದಿಯಾಯಿತು. ಅವನ ಗೊರಕೆ ಹಿತ್ತಲಿಗೂ ಕೇಳುತ್ತದೆ, ಆದರೆ ಪರೀಕ್ಷೆ ಮಾಡಿಸಿಕೊಂಡವನಲ್ಲ. ನನ್ನ ರೋಗಕ್ಕಾದರೂ ಕಾಗದವಿತ್ತು, ಇಂಥವರದು ಯಾರಿಗೂ ಗೊತ್ತೇ ಇರುವುದಿಲ್ಲ. ಹೊಲಿಗೆಯ ಟೇಪು ತೆಗೆದು ಅವನ ಕುತ್ತಿಗೆ ಅಳೆದೆ, 44 ಸೆಂಟಿಮೀಟರ್. “ಏನು ಭಾವ, ಶರ್ಟು ಹೊಲಿಸಿಕೊಡ್ತೀರಾ?” ಎಂದು ನಕ್ಕ. ಎಂಟು ಪ್ರಶ್ನೆಗಳ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಅರಿವಳಿಕೆಯವರ ಕೈಗೇ ಕೊಡಬೇಕೆಂದು ಹೇಳಿ ಕಳುಹಿಸಿದೆ. ಅವರು ಹಾಳೆ ನೋಡಿ, ನಿದ್ರಾ ಪರೀಕ್ಷೆ ಆಮೇಲೆ ಮಾಡಿಸೋಣ, ಸದ್ಯಕ್ಕೆ ಅಪ್ನಿಯಾ ಇದೆ ಎಂದೇ ತಿಳಿದು ಬೆನ್ನಿನ ಅರಿವಳಿಕೆಯಲ್ಲಿ ಮುಗಿಸೋಣ ಎಂದು ತೀರ್ಮಾನಿಸಿದರಂತೆ.