ಹರಿದ ಸೌಂಡು ಹುಡುಕಿಕೊಂಡು

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆ ಬಂತು ಅಂದರೆ ಕಂಬಕ್ಕೆಲ್ಲ ಹಾರ್ನ್ ಕಟ್ಟುತ್ತಾರೆ. ಅದರಲ್ಲಿ ಬರುವ ಹಾಡಿಗೆ ಬೇಸ್ ಅನ್ನುವುದೇ ಇರುವುದಿಲ್ಲ. ದನಿ ಗಂಟಲು ಹರಿದುಕೊಂಡು ಬರುತ್ತದೆ. ಆದರೂ ಎರಡು ಬೀದಿ ಆಚೆ ನಿಂತವನಿಗೂ ಒಂದೊಂದು ಪದ ತಿಳಿಯುತ್ತದೆ.

ನಾನು ಮನೆಯಲ್ಲಿ ಒಂದು ಲ್ಯಾಪ್‌ಟಾಪ್, 303 ಮಾದರಿಯ ಒಂದು ಸಣ್ಣ ಸಿಂಥ್ (ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯ), ಒಂದು ಡ್ರಮ್ ಮಷೀನ್ ಇಟ್ಟುಕೊಂಡು ಟೆಕ್ನೋ, ಅಂದರೆ ಯಂತ್ರದ ತಾಳದ ಕುಣಿತದ ಸಂಗೀತ, ಮಾಡುತ್ತೇನೆ. ನನ್ನ ಟ್ರ್ಯಾಕ್‌ಗಳು ತೊಳೆದು ಇಸ್ತ್ರಿ ಹಾಕಿದ ಅಂಗಿಯ ಹಾಗಿದ್ದವು. ಅತಿಯಾದ ನೀಟು. ಅವಕ್ಕೆ ಆ ಹಾರ್ನಿನ ಹರಕು ಬೇಕು ಅನ್ನಿಸಿತು. ಅಲ್ಲಿಂದ ಶುರುವಾಯಿತು ಡಿಸ್ಟಾರ್ಷನ್ ಪೆಡಲ್ ಹುಚ್ಚು. ಗಿಟಾರಿನವರು ಕಾಲಲ್ಲಿ ಒತ್ತುವ, ಸದ್ದನ್ನು ಬೇಕಂತಲೇ ಹರಿಸುವ ಸಣ್ಣ ಡಬ್ಬಿ ಅದು.

ಲ್ಯಾಪ್‌ಟಾಪಿನ ಪ್ಲಗಿನ್ ಸಾಫ್ಟ್‌ವೇರ್‌ನಲ್ಲೇ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ. ಆದರೆ ಪ್ಲಗಿನ್ ಹಾಕಿದರೆ ನಾನು ಮೂರು ವಾರ ಆದಮೇಲೂ ಅದನ್ನೇ ತಿದ್ದುತ್ತಾ ಕೂರುತ್ತೇನೆ. ಡಬ್ಬಿಯಾದರೆ ನಾಬ್ ತಿರುಗಿಸುತ್ತಾ ಒಂದು ಸಲ ರೆಕಾರ್ಡ್ ಮಾಡಿಬಿಡುತ್ತೇನೆ, ಮುಗೀತು. ಆಮೇಲೆ ಅದೇ ನಾಬ್ ಜಾಗ ಮತ್ತೆ ಸಿಗುವುದಿಲ್ಲ. ಅದೇ ಒಳ್ಳೇದು.

ಮೊದಲು ಕೊಂಡಿದ್ದು ಹಸಿರು ಪೆಡಲ್. ಐಬನೇಜ್ ಟ್ಯೂಬ್ ಸ್ಕ್ರೀಮರ್‌ನ ಅಗ್ಗದ ನಕಲು. ಗಿಟಾರ್ ನುಡಿಸುವ ಗೆಳೆಯ "ಇದಿಲ್ದೆ ಯಾರೂ ಇಲ್ಲ" ಅಂದ, ತಗೊಂಡೆ. ಡ್ರಮ್ ಮಷೀನಿನ ಕಿಕ್ಕನ್ನು, ಅಂದರೆ ದೊಡ್ಡ ಡ್ರಮ್ಮಿನ ಗುದ್ದನ್ನು, ಅದರೊಳಗೆ ಹಾಯಿಸಿದೆ. ಹೊರಗೆ ಬಂದಿದ್ದು ಬೆಂಕಿಪೊಟ್ಟಣ ತಟ್ಟಿದ ಸದ್ದು. ಪೆಡಲ್ಲೇ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವುದರಲ್ಲಿದ್ದೆ.

ಕೆಟ್ಟಿರಲಿಲ್ಲ. ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟ್ 720 ಹರ್ಟ್ಸ್‌ ಆಸುಪಾಸಿನಿಂದ ಕೆಳಕ್ಕೆ ಹೋದಂತೆ ಸಿಗ್ನಲ್ಲನ್ನು ಕಡಿಮೆ ಕಡಿಮೆ ಬಲಪಡಿಸುತ್ತದೆ. ಗಿಟಾರಿಗೆ ಅದು ಸರಿ. ಕೆಳಗಿನ ತಂತಿಗಳು ಆಂಪ್‌ನಲ್ಲಿ ಕೆಸರಾಗಬಾರದು ಅಂತ ಹಾಗೆ ಮಾಡಿದ್ದಾರೆ. ಆದರೆ ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನ್ ಮಾದರಿಯ ಕಿಕ್ಕಿನ ಜೀವ ಇರುವುದೇ 50 ಹರ್ಟ್ಸ್ ಹತ್ತಿರ. ಪೆಡಲ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅದಕ್ಕೆ ನಾನೇ ತಪ್ಪು ಕೆಲಸ ಕೊಟ್ಟಿದ್ದೆ. ಗಿಟಾರಿಗೆ ಮಾಡಿದ ಡಬ್ಬಿಗೆ ಕಿಕ್ಕು, ಬೇಸು ಗೊತ್ತೇ ಇಲ್ಲ. ಈ ಒಂದು ವಿಷಯ ಮೊದಲೇ ತಿಳಿದಿದ್ದರೆ ನನ್ನ ಆರೇಳು ಸಾವಿರ ರೂಪಾಯಿ ಉಳಿಯುತ್ತಿತ್ತು.

ಎರಡನೇ ಪಾಠ ಲೆವೆಲ್‌ದು, ಅಂದರೆ ಸಿಗ್ನಲ್ಲಿನ ಬಲದ್ದು. ಗಿಟಾರ್ ಪಿಕಪ್‌ನಿಂದ ಬರುವುದು ಹೆಚ್ಚುಕಮ್ಮಿ ಒಂದೆರಡು ನೂರು ಮಿಲಿವೋಲ್ಟ್. ಲ್ಯಾಪ್‌ಟಾಪಿನ ಸದ್ದನ್ನು ಹೊರಗೆ, ಹೊರಗಿನದನ್ನು ಒಳಗೆ ಸಾಗಿಸುವ ಆಡಿಯೋ ಇಂಟರ್‌ಫೇಸ್‌ನ ಲೈನ್ ಔಟ್ ಸ್ಟುಡಿಯೋದವರ +4 ಡಿಬಿಯು ಲೆಕ್ಕದಲ್ಲಿ 1.23 ವೋಲ್ಟ್. ಅಷ್ಟನ್ನು ನೇರವಾಗಿ ಪೆಡಲ್‌ಗೆ ತುರುಕಿದರೆ ಎಷ್ಟು ಹರಿಯಬೇಕು ಅಂತ ಹೇಳುವ ಗೇನ್ ನಾಬ್‌ಗೆ ಕೆಲಸವೇ ಇರುವುದಿಲ್ಲ. ಸೊನ್ನೆಯಲ್ಲಿಟ್ಟರೂ ಹರಿದೇ ಬರುತ್ತದೆ. ಇದಕ್ಕೆ ರೀಆಂಪ್ ಬಾಕ್ಸ್ ಅಂತ ಸಿಗುತ್ತದೆ, ಒಳಗೊಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ನಾನು ಕೊಳ್ಳಲಿಲ್ಲ. ಸಾಫ್ಟ್‌ವೇರ್‌ನಲ್ಲೇ ಆ ಔಟ್‌ಪುಟ್ಟನ್ನು 20 ಡಿಬಿ ಇಳಿಸಿದೆ. 20 ಡಿಬಿ ಅಂದರೆ ವೋಲ್ಟೇಜು ಹತ್ತರಲ್ಲಿ ಒಂದು ಭಾಗ. ಗೇನ್ ನಾಬ್‌ಗೆ ಜೀವ ಬಂತು. ನಿಮ್ಮಲ್ಲಿ ಇರುವ ಪೆಡಲ್ ಚೆನ್ನಾಗಿಲ್ಲ ಅನ್ನಿಸಿದರೆ ಮಾರುವ ಮುಂಚೆ ಇದೊಂದು ಮಾಡಿ ನೋಡಿ. ಲೆವೆಲ್ ಜಾಸ್ತಿ ಆಗಿ ಬೈಸಿಕೊಂಡ ಪೆಡಲ್‌ಗಳು ಊರ ತುಂಬ ಇವೆ.

ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ರ‍್ಯಾಟ್ ಸಿಕ್ಕಿತು. ಪ್ರೋಕೋ ಕಂಪನಿಯ ಈ ಪೆಡಲ್ 1978ರಿಂದ ಇದೆ. ಎರಡು ಡಯೋಡ್‌ಗಳು ಅಲೆಯ ತಲೆಯನ್ನೂ ಕಾಲನ್ನೂ ಒರಟಾಗಿ ಕತ್ತರಿಸುತ್ತವೆ, ಅಷ್ಟೇ. ಅದರ ಫಿಲ್ಟರ್ ನಾಬ್ ಉಲ್ಟಾ. ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮಂಕಾಗುತ್ತದೆ. ಮೊದಲ ದಿನ ನನಗೆ ತಲೆ ಕೆಟ್ಟುಹೋಗಿತ್ತು. ಆದರೆ ಟೆಕ್ನೋ ಮಾಡುವವರಿಗೆ ಆ ಒಂದು ನಾಬ್‌ನಿಂದಲೇ ಇದು ಬೇರೆ ಪೆಡಲ್‌ಗಳಿಗಿಂತ ಮೇಲು ಅಂತ ನನ್ನ ಲೆಕ್ಕ. ಹರಿದ ಮೇಲೆ ಮೇಲಿನ ಚರಚರ ಎಷ್ಟು ಉಳಿಯಬೇಕು ಅಂತ ಕೈಯಲ್ಲೇ ಹಿಡಿದಿರಬಹುದು.

ರ‍್ಯಾಟ್ ಜೊತೆ ಒಂದು ರಾತ್ರಿ ಪೂರ್ತಿ ಮೋಸ ಹೋದೆ. ಸಿಂಥ್‌ನಲ್ಲಿ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಇಟ್ಟು, ಅದರದೇ ಫಿಲ್ಟರ್ (ಮೇಲಿನ ಸದ್ದು ಸೋಸುವ ನಾಬ್) ಪೂರಾ ತೆರೆದು ಪೆಡಲ್ ಒತ್ತಿದೆ. ಏನೂ ಬದಲಾಗಲಿಲ್ಲ! ಸದ್ದು ಜೋರಾಯಿತೇ ಹೊರತು ಹರಿಯಲಿಲ್ಲ. ಕೇಬಲ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ. ಬೆಳಿಗ್ಗೆ ಬೆಣ್ಣೆದೋಸೆಗೆ ಕಾಯುತ್ತಾ ನಿಂತಾಗ ತಲೆಗೆ ಹೊಳೆಯಿತು. ಸ್ಕ್ವೇರ್ ವೇವ್‌ನ ತಲೆ ಮೊದಲೇ ಚಪ್ಪಟೆ. ಚಪ್ಪಟೆ ತಲೆಯಲ್ಲಿ ಇನ್ನೇನು ಕತ್ತರಿಸುವುದು? ಮನೆಗೆ ಬಂದು ಸಿಂಥ್‌ನ ಫಿಲ್ಟರ್ ಅರ್ಧ ಮುಚ್ಚಿ, ಫಿಲ್ಟರ್ ಕತ್ತರಿಸುವ ಅಂಚನ್ನು ಎತ್ತಿ ಕೇಳಿಸುವ ರೆಸೊನೆನ್ಸ್ ಏರಿಸಿದೆ. ಅಲೆಯ ಆಕಾರ ಬದಲಾಯಿತು, ಪೆಡಲ್‌ಗೆ ಕಚ್ಚಲು ಏನೋ ಸಿಕ್ಕಿತು. ಫಿಲ್ಟರ್ ಎಳೆದಂತೆಲ್ಲ ಸಿಂಥ್ ಕಿರುಚಿತು. ಈ ಕಿರುಚಾಟಕ್ಕೇ ಆಸಿಡ್ ಸೌಂಡ್ ಅನ್ನುತ್ತಾರೆ, 303ರ ಗುರುತೇ ಅದು. ಅದರ ಗುಟ್ಟು ಪೆಡಲ್‌ಗಿಂತ ಅದರ ಮುಂಚಿನ ಫಿಲ್ಟರ್‌ನಲ್ಲೇ ಜಾಸ್ತಿ ಇದೆ.

303 ಅಂದಾಗ ನೆನಪಾಯಿತು. ರೋಲ್ಯಾಂಡ್ ಟಿಬಿ-303 ಬಂದ ಹೊಸತರಲ್ಲೇ, 1982ರಲ್ಲಿ, ಮುಂಬೈನ ಚರಣ್‌ಜಿತ್ ಸಿಂಗ್ ಅದನ್ನು ಇಟ್ಟುಕೊಂಡು ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದರು. ಜೊತೆಗೆ ಟಿಆರ್-808 ಇತ್ತು. ಆ ರಾಗದ ಆಸೆಯಿಂದಲೇ ನಾನೂ ಒಂದು ದಿನ ತಂಬೂರಿಯ ಶ್ರುತಿಯನ್ನು ಡಿಸ್ಟಾರ್ಷನ್‌ಗೆ ಹಾಕಿದ್ದು. ಎರಡು ಸ್ವರ ಒಟ್ಟಿಗೆ ಹರಿದರೆ ಅವುಗಳ ಮೊತ್ತ, ವ್ಯತ್ಯಾಸ ಎರಡೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಸ 200 ಹರ್ಟ್ಸ್, ಪ 300 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 100. ಅದು ಕೆಳಗಿನ ಸ. ಯಾರೂ ನುಡಿಸದ ಮಂದ್ರದ ಸ ತಾನಾಗಿ ಕೆಳಗೆ ಬಂದು ಕೂತಾಗ ಮೈ ಜುಮ್ ಅಂತು. ಅದೇ ಆಸೆಯಲ್ಲಿ ಕೀಬೋರ್ಡಿನಲ್ಲಿ ಮೂರು ಸ್ವರ ಒಟ್ಟಿಗೆ ಒತ್ತುವ ಮೈನರ್ ಕಾರ್ಡ್ ಹಾಕಿದೆ. ಬರೀ ಗದ್ದಲ. ಅಂದಿನಿಂದ ಡಿಸ್ಟಾರ್ಷನ್ ಮುಂದೆ ಒಂದೇ ಸ್ವರ, ಇಲ್ಲವೇ ಸ-ಪ. ಮೂರನೆಯದಕ್ಕೆ ಜಾಗ ಇಲ್ಲ.

ಬೇಸ್ ಕಳೆದುಹೋಗುವುದಕ್ಕೆ ಪರಿಹಾರ ಸಿಕ್ಕಿದ್ದು ನಿಧಾನಕ್ಕೆ. ಕಿಕ್ಕನ್ನು ಎರಡು ದಾರಿ ಮಾಡಿದೆ. ಒಂದು ದಾರಿ ಚೊಕ್ಕವಾಗಿ, ಕೆಳಗಿನ ಗುದ್ದು ಮಾತ್ರ. ಇನ್ನೊಂದು ಪೆಡಲ್ ಮೂಲಕ ಕೊಳೆಯಾಗಿ, 150 ಹರ್ಟ್ಸ್‌ನಿಂದ ಮೇಲಷ್ಟೇ. ಎರಡನ್ನೂ ಬೆರೆಸುವುದು. ಹೇಳಲು ಸುಲಭ. ಮೊದಲ ಸಲ ಬೆರೆಸಿದಾಗ ಕಿಕ್ಕಿನ ಮೈಯೇ ಮಾಯ. ಸಿಗ್ನಲ್ ಇಂಟರ್‌ಫೇಸ್‌ನಿಂದ ಹೊರಗೆ ಹೋಗಿ ಪೆಡಲ್ ಸುತ್ತಿ ಒಳಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಮೂರೇ ಮಿಲಿಸೆಕೆಂಡ್ ತಡವಾದರೂ ಎರಡು ದಾರಿ ಸೇರುವ 150 ಹರ್ಟ್ಸ್ ಹತ್ತಿರ ಒಂದು ದಾರಿ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಹೋಗುತ್ತದೆ, ಎರಡೂ ಒಂದನ್ನೊಂದು ನುಂಗುತ್ತವೆ. ಈಗ ಪ್ರತಿ ರೆಕಾರ್ಡಿಂಗ್ ಶುರುವಿನಲ್ಲಿ ಒಂದು 'ಟಿಕ್' ಕಳಿಸುತ್ತೇನೆ. ವಾಪಸ್ ಬಂದ ಟಿಕ್ಕನ್ನು ಮೂಲದ ಟಿಕ್ಕಿನ ಕೆಳಗೆ ಕೂರಿಸುತ್ತೇನೆ. 48,000 ಸ್ಯಾಂಪಲ್ ರೇಟಿನಲ್ಲಿ ಒಂದು ಮಿಲಿಸೆಕೆಂಡ್ ಅಂದರೆ 48 ಸ್ಯಾಂಪಲ್, ಎಳೆದು ಕೂರಿಸುವುದು ಎರಡು ನಿಮಿಷದ ಕೆಲಸ. ಕೆಲವು ಪೆಡಲ್‌ಗಳು ಅಲೆಯನ್ನೇ ತಲೆಕೆಳಗು ಮಾಡಿ ಕೊಡುತ್ತವೆ. ಜೋಡಿಸಿದ ಮೇಲೂ ಸಣಕಲಾಗಿ ಕೇಳಿದರೆ ಒಂದು ದಾರಿಯ ಪೊಲಾರಿಟಿ ತಿರುಗಿಸಿ ನೋಡಬೇಕು.

ಹಲಗೆಯ ಸ್ಯಾಂಪಲ್‌ಗೂ ಇದೇ ದಾರಿ ಬೇಕಾಯಿತು. ಡಿಸ್ಟಾರ್ಷನ್ ಅಲೆಯ ತಲೆ ಕತ್ತರಿಸುತ್ತದಲ್ಲ, ಹಲಗೆಯ ಏಟು ಇರುವುದೇ ಆ ತಲೆಯಲ್ಲಿ. ಏಟು ಹೋಗಿ ಬರೀ ಗುಂಯ್ ಉಳಿಯಿತು. ಚೊಕ್ಕ ದಾರಿಯಿಂದ ಏಟು, ಕೊಳೆ ದಾರಿಯಿಂದ ಗುಂಯ್ ತಗೊಂಡೆ.

ಕರೆಂಟಿನ ಕಥೆಯನ್ನೂ ಹೇಳಿಬಿಡುತ್ತೇನೆ. ಗೇನ್ ಏರಿಸಿದಾಗ ಸಿಂಥ್ ಜೊತೆ ಮನೆಯ ವೈರಿಂಗ್ ಕೂಡ ಹಾಡುತ್ತದೆ. ನಮ್ಮದು ಬಾಡಿಗೆ ಮನೆ. ಸಾಕೆಟ್‌ನಲ್ಲಿ ಮೂರನೇ ತೂತು ಇತ್ತು, ಅದರ ಹಿಂದೆ ಅರ್ಥ್ ವೈರ್ ಇರಲಿಲ್ಲ. 50 ಹರ್ಟ್ಸ್ ಹಮ್ಮು ನನ್ನ ಎಲ್ಲ ಟ್ರ್ಯಾಕಿನಲ್ಲೂ ಶ್ರುತಿ ಪೆಟ್ಟಿಗೆಯ ಹಾಗೆ ಕೂತಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಹಾಕಿಸಿದ ಮೇಲೆ ಮುಕ್ಕಾಲು ಪಾಲು ಹೋಯಿತು. ಹಮ್ಮು ಬರುತ್ತೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ, ಅದು ಜೀವಕ್ಕೆ ಅಪಾಯ.

ಅಡಾಪ್ಟರ್ ವಿಷಯದಲ್ಲಿ ಪೂರ್ತಿ ತಪ್ಪು ನನ್ನದೇ. ಸಾಮಾನ್ಯವಾಗಿ ಪೆಡಲ್‌ಗಳಿಗೆ 9 ವೋಲ್ಟ್, ನಡುವಿನ ಪಿನ್ ಮೈನಸ್. ಸಿಂಥ್, ಡ್ರಮ್ ಮಷೀನ್‌ಗಳಲ್ಲಿ ಹಲವಕ್ಕೆ ನಡು ಪ್ಲಸ್. ಕತ್ತಲಲ್ಲಿ ಒಂದರದ್ದು ಇನ್ನೊಂದಕ್ಕೆ ಚುಚ್ಚಿದೆ. ಹಸಿರು ಪೆಡಲ್‌ನಿಂದ ಸುಟ್ಟ ವಾಸನೆ ಬಂತು. ಅಶೋಕ ರಸ್ತೆ ಕಡೆಯ ಒಬ್ಬ ಟಿವಿ ರಿಪೇರಿಯವರು ಬಿಚ್ಚಿ ನೋಡಿ, "ಕಾವಲಿಗೆ ಒಂದು ಡಯೋಡ್ ಇಟ್ಟಾರ, ಅದು ತಾನು ಸತ್ತು ಉಳಿದಿದ್ದನ್ನ ಉಳಿಸೈತಿ" ಅಂದರು. ಡಯೋಡ್‌ಗೆ ಎರಡು ರೂಪಾಯಿ, ಕೂಲಿ ನೂರು. ಈಗ ಎಲ್ಲ ಅಡಾಪ್ಟರ್‌ಗೂ ಬಣ್ಣದ ಟೇಪ್ ಸುತ್ತಿದ್ದೇನೆ.

ಮೂರನೇ ಡಬ್ಬಿ ಬೆಹ್ರಿಂಗರ್ ಎಸ್‌ಎಫ್300. ಪ್ಲಾಸ್ಟಿಕ್ ಮೈ, ಕಾಲಲ್ಲಿ ತುಳಿಯಲು ಭಯವಾಗುತ್ತದೆ. ನಾನು ಟೇಬಲ್ ಮೇಲಿಟ್ಟು ಕೈಯಲ್ಲಿ ಒತ್ತುವವನು, ಅದರ ಚಿಂತೆ ಇಲ್ಲ. ಬಾಸ್ ಕಂಪನಿಯ ಹೈಪರ್ ಫಜ್‌ನ ದಾರಿಯಲ್ಲಿ ಮಾಡಿದ್ದು. ಅಲೆಯ ಕೆಳಗಿನ ಅರ್ಧವನ್ನು ಮಡಚಿ ಮೇಲಕ್ಕೆ ತರುವುದರಿಂದ ಒಂದು ಆಕ್ಟೇವ್ ಮೇಲಿನ ಸ್ವರವೂ ಸೇರಿಕೊಳ್ಳುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದಾಗ ಬರುತ್ತಲ್ಲ ಚಟಪಟ, ಹಾಗೆ. ದಿನಾ ಬಳಸುವಂಥದ್ದಲ್ಲ. ಬೇಕಾದಾಗ ಇದರ ಜಾಗಕ್ಕೆ ಬೇರೆಯದಿಲ್ಲ.

ದುಡ್ಡಿದ್ದರೆ ಏನು ಕೊಳ್ಳಬೇಕು ಅಂತ ಕೇಳುವವರಿಗೆ ಎಲೆಕ್ಟ್ರಾನ್ ಅನಲಾಗ್ ಹೀಟ್ ಹೆಸರು ಹೇಳುತ್ತೇನೆ. 2016ರಲ್ಲಿ ಬಂತು. ಎಂಟು ಬಗೆಯ ಡಿಸ್ಟಾರ್ಷನ್, ಸ್ಟೀರಿಯೋ, ಲೈನ್ ಲೆವೆಲ್, ಜೊತೆಗೆ ಅನಲಾಗ್ ಫಿಲ್ಟರ್. ಮೇಲೆ ನಾನು ಪಟ್ಟ ಪಾಡಿನ ಅರ್ಧ ಅದರಲ್ಲಿ ಇಲ್ಲ. ಪೂರಾ ಮಿಕ್ಸ್‌ ಅನ್ನೇ ಅದರೊಳಗೆ ಹಾಯಿಸುವವರಿಗೆ ಅದು ಸರಿ. ನಾನು ಒಂದು ವರ್ಷ ದುಡ್ಡು ಕೂಡಿಟ್ಟೆ. ಆಮೇಲೆ ಕೊಳ್ಳಲಿಲ್ಲ. ಅಷ್ಟರಲ್ಲಿ ನನಗೆ ಬೇಕಾದ ಹರಕು ಬೇರೆ ಕಡೆ ಸಿಕ್ಕಿತ್ತು.

ನಮ್ಮ ಬೀದಿಯಲ್ಲಿ ಮೈಕ್ ಸೆಟ್, ಶಾಮಿಯಾನ ಬಾಡಿಗೆಗೆ ಕೊಡುವ ಅಣ್ಣ ಒಬ್ಬರಿದ್ದಾರೆ. ಅವರ ಗೋಡೌನ್‌ನಲ್ಲಿ ಹಳೇ ಆಂಪ್ಲಿಫೈಯರ್ ಒಂದು ಧೂಳು ಹಿಡಿದು ಕೂತಿತ್ತು. ಹಾರ್ನ್ ಹೋಗುವ ತುದಿಗೆ ನನ್ನ ಇಂಟರ್‌ಫೇಸ್ ಕೇಬಲ್ ಹಾಕಲು ಹೋದಾಗ ಅಣ್ಣ ಕೈ ಹಿಡಿದು ಎಳೆದರು. "ಏ ತಮ್ಮಾ, ಅದು ನೂರ್ ವೋಲ್ಟ್ ಲೈನು. ನಿನ್ ಡಬ್ಬಿ ಹೊಗಿ ಹಾಕ್ತೈತಿ!" ಹಿಂದೆ ಲೈನ್ ಔಟ್ ಅಂತ ಬೇರೆಯೇ ಇತ್ತು, ಅಲ್ಲಿಂದ ತಗೊಂಡೆವು. ಸಿಂಥನ್ನು ಮಾತ್ರ ಬೇಕಂತಲೇ ಮೈಕ್ ತೂತಿಗೆ ಚುಚ್ಚಿದೆ. ಮೈಕಿನಿಂದ ಬರುವ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ ತೂತು ಅದು. ಅದಕ್ಕೆ ಸಿಂಥ್ ಬಡಿದರೆ ಏನಾಗಬೇಕೋ ಅದೇ ಆಯಿತು. ಎಕೋ ನಾಬ್ ಏರಿಸಿದೆ. ಎಕೋ ಒಂದೊಂದು ಸುತ್ತಿಗೂ ಇನ್ನಷ್ಟು ಕೊಳೆಯಾಗುತ್ತಾ ಹೋಯಿತು. ಅದೇ ಜಾತ್ರೆ ಸೌಂಡು.

ಅಣ್ಣ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. "ನಾವು ಸೌಂಡ್ ಹರೀಬಾರ್ದು ಅಂತ ಒದ್ದಾಡ್ತೀವಿ. ನೀನು ರೊಕ್ಕ ಕೊಟ್ಟು ಹರಿಸ್ಕೊಳ್ತೀಯಲ್ಲೋ" ಅಂದರು. ಸಾವಿರದ ಐನೂರಕ್ಕೆ ಆಂಪ್ ಕೊಟ್ಟರು. ತಿರುಗುವ ನಾಬ್ ಮೂರೇ ಇವೆ, ಉಳಿದವು ಜಾಮ್.

ಈಗ ನನ್ನ ಟೇಬಲ್ ಮೇಲೆ ಈ ಆಂಪು, ರ‍್ಯಾಟು, ಎಸ್‌ಎಫ್300 ಇವೆ. ಹಸಿರು ಪೆಡಲ್ಲನ್ನು ಗೆಳೆಯನಿಗೇ ಮಾರಿದೆ. ಜೊತೆಗೆ ಸದ್ದಿಗೆ ಕೋಣೆಯ ಮಾರ್ದನಿ ಸೇರಿಸುವ ಒಂದು ಸ್ಟೀರಿಯೋ ರಿವರ್ಬ್ ಡಬ್ಬಿ. ಅದನ್ನು ಡಿಸ್ಟಾರ್ಷನ್ ನಂತರ ಇಟ್ಟರೆ ಹರಿದ ಸದ್ದು ಒಂದು ಕೋಣೆಯೊಳಗೆ ಕೂರುತ್ತದೆ. ಮುಂಚೆ ಇಟ್ಟರೆ ಕೋಣೆಯೇ ಹರಿಯುತ್ತದೆ. ಕಿಕ್ಕಿಗೆ ರಿವರ್ಬ್, ಅದರ ಮೇಲೆ ರ‍್ಯಾಟ್, ರ‍್ಯಾಟಿನ ಫಿಲ್ಟರ್ ಪೂರಾ ಬಲಕ್ಕೆ. ಆ ಗುಡುಗುಡು ಕೇಳಿದರೆ ಪಕ್ಕದ ಮನೆ ಅಜ್ಜಿ ಮಳೆ ಬಂತು ಅಂತ ಬಟ್ಟೆ ತೆಗೆಯುತ್ತಾರೆ.

ಹೋದ ತಿಂಗಳು ಅಣ್ಣ ಒಂದು ಮದುವೆ ಮನೆ ಮುಂದೆ ಹಾರ್ನ್ ಕಟ್ಟಿ ಟೆಸ್ಟ್ ಮಾಡುತ್ತಿದ್ದರು. ಪೆನ್‌ಡ್ರೈವ್ ಕೊಟ್ಟೆ, ನನ್ನ ಟ್ರ್ಯಾಕ್ ಹಾಕಿದರು. ಹಾರ್ನ್‌ನಲ್ಲಿ ಚೊಕ್ಕ ದಾರಿಯ ಗುದ್ದು ಒಂದಿಷ್ಟೂ ಬರಲಿಲ್ಲ. ಆದರೂ ಕಿಕ್ಕು ಸ್ಪಷ್ಟವಾಗಿ ಕೇಳಿತು. ಕೊಳೆ ದಾರಿಯ ಮೇಲಿನ ಸ್ವರಗಳಷ್ಟೇ ಸಾಕಾಗಿತ್ತು, ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತಿತ್ತು. ನಾನು ಖುಷಿಯಲ್ಲಿ ಅಣ್ಣನ ಮುಖ ನೋಡಿದೆ. ಅವರು ಆಗಲೇ ಏಣಿ ಹತ್ತುತ್ತಿದ್ದರು. "ತಡಿ ತಮ್ಮಾ, ಈ ಹಾರ್ನ್ ಯೂನಿಟ್ ಹೋಗೈತಿ ಅನ್ಸ್ತೈತಿ, ಬಿಚ್ಚಿ ನೋಡ್ತೀನಿ."